ಮೂರು ದಿನದ ಬಿಡಾರ

ಕಳೆದ ಆಟಿ ತಿಂಗಳ ಒಂದು ಶನಿವಾರ ಸಂಜೆ. ಬಿಡದೆ ಸುರಿಯುವ ಮಳೆ. ನಮ್ಮ ಶಾಲೆಯಿಂದ ನಿವೃತ್ತರಾದ ಹಿರಿಯ ಕನ್ನಡ ಮಾಸ್ತರರೊಬ್ಬರು ಕೊಡೆ ಮಡಚುತ್ತ ಮನೆಯ ಜಗಲಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಬೈರಾಸಿನಲ್ಲಿ ಸುತ್ತಿದ ಹಳೆಯ ಹಾರ್ಡ್ ಡಿಸ್ಕ್.

"ಮಾಸ್ಟ್ರೇ, ಇದು ಸತ್ತಿದೆಯೋ ಬದುಕಿದೆಯೋ, ಒಮ್ಮೆ ನೋಡಿ ಹೇಳಬೇಕಿತ್ತು" ಎಂದರು.

ಅದರಲ್ಲೇನಿದೆ ಎಂಬುದು ನನಗೆ ಗೊತ್ತಿತ್ತು. 2004ರಿಂದ ಎರಡು ವರ್ಷ ಅವರು ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ತಮ್ಮ ಊರಿನ ಗದ್ದೆ, ಗುಡ್ಡೆ, ಕೆರೆ, ಕಟ್ಟೆ, ತೋಡುಗಳ ಹೆಸರುಗಳನ್ನೂ, ಆ ಹೆಸರು ಏಕೆ ಬಂತೆಂದು ಹಿರಿಯರು ಹೇಳುವುದನ್ನೂ ಬರೆದು ತರಬೇಕು. ಹೆಸರಿನ ಕೊನೆಗೆ ಬೈಲು ಎಂದಿದ್ದರೆ ತಗ್ಗಿನ ನೀರಿನ ಗದ್ದೆ, ಮಜಲು ಎಂದಿದ್ದರೆ ನಡುವಿನದು, ಬೆಟ್ಟು ಎಂದಿದ್ದರೆ ಮಳೆಯನ್ನೇ ನಂಬಿದ ಮೇಲಿನದು. ಇಂದು ಅಲ್ಲಿ ರಬ್ಬರೋ ಅಡಿಕೆಯೋ ಕಟ್ಟಡವೋ ಎದ್ದಿದ್ದರೂ ಹೆಸರು ಮಾತ್ರ ನೀರಿನ ಲೆಕ್ಕವನ್ನು ಇಟ್ಟುಕೊಂಡಿದೆ. ಮಾಸ್ತರರು ಅವೆಲ್ಲವನ್ನೂ ತಮ್ಮ ಕಂಪ್ಯೂಟರಿನಲ್ಲಿ ಊರಿಗೊಂದರಂತೆ ಹನ್ನೊಂದು ಕಡತಗಳಾಗಿ ಜೋಡಿಸಿ ಪುಟವನ್ನೂ ಕಟ್ಟಿದ್ದರು. ಮುದ್ರಣಕ್ಕೆ ದುಡ್ಡು ಕೂಡಿಬರಲಿಲ್ಲ. ಮಕ್ಕಳ ನೋಟು ಪುಸ್ತಕಗಳನ್ನು ಒರಳೆ ತಿಂದಿತು. ಕಂಪ್ಯೂಟರು ಕೆಟ್ಟಾಗ ಡಿಸ್ಕನ್ನು ಕಳಚಿ ಕಪಾಟಿನಲ್ಲಿಟ್ಟರು. ಅಂದು ಹೆಸರು ಹೇಳಿಕೊಟ್ಟ ಹಿರಿಯರಲ್ಲಿ ಈಗ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ.

"ನಕಲು ತೆಗೆದರೆ ಆಯಿತಲ್ಲ, ಅದರಲ್ಲೇನು ಕಷ್ಟ?" ಎಂದು ಓದುಗರು ಕೇಳಬಹುದು. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಕಡತವನ್ನು ಪಡೆಯುವುದು ಬೇರೆ, ಅದನ್ನು ಓದುವುದು ಬೇರೆ. ಆ ಕಡತಗಳು ಪೇಜ್‌ಮೇಕರ್ ಎಂಬ ತಂತ್ರಾಂಶದವು. 1985ರಲ್ಲಿ ಆಲ್ಡಸ್ ಕಂಪೆನಿ ಹೊರತಂದ ಇದು 1994ರಲ್ಲಿ ಅಡೋಬಿಯ ಪಾಲಾಯಿತು. 2001ರ ಏಳನೆಯ ಆವೃತ್ತಿಯೇ ಕೊನೆಯದು. ಅಂದಿನ ಕನ್ನಡ ಪ್ರೆಸ್ಸುಗಳಲ್ಲಿ ಮದುವೆ ಕಾಗದದಿಂದ ಹಿಡಿದು ಸ್ಮರಣ ಸಂಚಿಕೆಯ ತನಕ ಇದರಲ್ಲೇ ಕಟ್ಟುತ್ತಿದ್ದರು. ಇದಕ್ಕೆ ಬಳಸುತ್ತಿದ್ದ ಕನ್ನಡ ಫಾಂಟುಗಳೂ ಯೂನಿಕೋಡಿನವಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿ ಮಾಡಿದ ಏರ್ಪಾಡು ಅದು. ಆ ಫಾಂಟು, ಆ ತಂತ್ರಾಂಶ, ಅದು ನಡೆಯುವ ವಿಂಡೋಸ್ ಎಕ್ಸ್‌ಪಿ ಈ ಮೂರೂ ಕೂಡಿದಾಗ ಮಾತ್ರ ಪುಟ ಪುಟವಾಗಿ ಕಾಣುತ್ತದೆ. ಇಂದಿನ ಯಂತ್ರದಲ್ಲಿ ತೆರೆದು ನೋಡಿದೆ: ಕಂಡದ್ದು ಚಿಹ್ನೆಗಳ ಕಲಸುಮೇಲೋಗರ.

ಅಂದರೆ ಡಿಸ್ಕನ್ನು ಉಳಿಸಿಕೊಂಡರೆ ಸಾಲದು, ಅದು ಮಾತಾಡುತ್ತಿದ್ದ ಯಂತ್ರವನ್ನೂ ಎಬ್ಬಿಸಬೇಕು. ಆ ಯಂತ್ರವೋ ಗುಜರಿಗೆ ಹೋಗಿ ವರ್ಷಗಳೇ ಆದವು. ಇಂಥಲ್ಲಿ ನೆರವಿಗೆ ಬರುವುದೇ ವರ್ಚುವಲ್ ಮೆಷಿನ್.

ಒಂದೇ ಸೂರು, ಬೇರೆ ಒಲೆ

ಹೆಸರು ಕೇಳಿ ಹೆದರಬೇಕಾಗಿಲ್ಲ. ದೊಡ್ಡ ಮನೆಯ ಯಜಮಾನ ಎರಡು ಮೂರು ಕೋಣೆಗಳನ್ನು ಬಿಡಾರಕ್ಕೆ ಕೊಟ್ಟನೆಂದು ಇಟ್ಟುಕೊಳ್ಳಿ. ಒಂದೊಂದು ಬಿಡಾರಕ್ಕೂ ಬೇರೆ ಬಾಗಿಲು, ಬೇರೆ ಒಲೆ. ಇವರ ಮನೆಯ ಒಗ್ಗರಣೆ ಅವರಿಗೆ ತಿಳಿಯದು. ಆದರೆ ಬಾವಿ ಒಂದೇ, ಮಾಡು ಒಂದೇ. ಯಾರಿಗೆ ಎಷ್ಟು ನೀರೆಂದು ನಿಗದಿ ಮಾಡುವವನು ಯಜಮಾನ. ಇಲ್ಲಿ ಮನೆಯೆಂದರೆ ಕಂಪ್ಯೂಟರು, ಯಜಮಾನನೆಂದರೆ ಲಿನಕ್ಸ್, ಬಿಡಾರಗಳೇ ವರ್ಚುವಲ್ ಮೆಷಿನ್‌ಗಳು. ಬಿಡಾರದೊಳಗಿನ ವಿಂಡೋಸು ತನಗೊಂದು ಸ್ವಂತ ಕಂಪ್ಯೂಟರಿದೆ ಎಂದೇ ನಂಬಿರುತ್ತದೆ. ಅದು ಕಾಣುವ ಡಿಸ್ಕು, ನಿಜವಾಗಿ ಯಜಮಾನನ ಕಪಾಟಿನಲ್ಲಿರುವ ಒಂದು ಕಡತ ಮಾತ್ರ.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ವಿಜ್ಞಾನ ಕೇಂದ್ರದವರು ಸಿಪಿ-40 ಎಂಬ ಹೆಸರಿನಲ್ಲಿ ಇದನ್ನು 1967ರಲ್ಲೇ ಬಳಕೆಗೆ ತಂದಿದ್ದರು. ಆಗ ಕಂಪ್ಯೂಟರೆಂದರೆ ಒಂದು ಕೋಣೆ ತುಂಬುವ, ಲಕ್ಷಾಂತರ ಡಾಲರಿನ ಸೊತ್ತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಉಪಾಯ ಬೇಕಿತ್ತು. 1972ರಲ್ಲಿ ಐಬಿಎಂ ಅದನ್ನೇ ವಿಎಂ/370 ಎಂಬುದಾಗಿ ಘೋಷಿಸಿತು. ನಮ್ಮ ಮೇಜಿನ ಮೇಲಿನ ಸಣ್ಣ ಕಂಪ್ಯೂಟರುಗಳಿಗೆ ಈ ಸೌಕರ್ಯ ಬರಲು ಬಹಳ ಕಾಲ ಹಿಡಿಯಿತು. 1999ರಲ್ಲಿ ವಿಎಂವೇರ್ ಕಂಪೆನಿ ಉಪಾಯದಿಂದ ಸಾಧಿಸಿ ತೋರಿಸಿತು. 2003ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಎಂಬವರು ಕ್ಯೂಇಎಂಯು ಎಂಬ ಮುಕ್ತ ತಂತ್ರಾಂಶವನ್ನು ಬರೆದರು. 2005-06ರ ಹೊತ್ತಿಗೆ ಇಂಟೆಲ್, ಎಎಂಡಿ ಕಂಪೆನಿಗಳು ಚಿಪ್ಪಿನೊಳಗೇ ಇದಕ್ಕೆ ಬೇಕಾದ ಅನುಕೂಲ ಮಾಡಿಕೊಟ್ಟವು. ಅದನ್ನು ಬಳಸಿಕೊಳ್ಳುವ ಕೆವಿಎಂ ಎಂಬ ಭಾಗ 2007ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿತು. ಇಂದು ಯಾರು ಲಿನಕ್ಸ್ ಹಾಕಿಕೊಂಡರೂ ಬಿಡಾರ ಕಟ್ಟುವ ಸಾಮಾನು ಜೊತೆಗೇ ಬರುತ್ತದೆ, ಬಿಡಿಗಾಸು ಕೊಡಬೇಕಾಗಿಲ್ಲ.

ಕ್ಯೂಇಎಂಯು ಒಂದೇ ಇದ್ದರೂ ಕೆಲಸ ನಡೆಯುತ್ತದೆ, ಆದರೆ ಬಲು ನಿಧಾನ. ನಮ್ಮ ಜಿಲ್ಲೆಯ ಸಭೆಗಳಿಗೆ ಹೋದವರಿಗೆ ಇದನ್ನು ವಿವರಿಸುವುದು ಸುಲಭ. ವೇದಿಕೆಯಲ್ಲಿ ಮಲಯಾಳ ಭಾಷಣ. ಪಕ್ಕದಲ್ಲಿ ನಿಂತವರು ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ಕನ್ನಡಕ್ಕೆ ಹೇಳುತ್ತಾರೆ. ಅರ್ಧ ಗಂಟೆಯ ಭಾಷಣ ಒಂದು ಗಂಟೆಯಾಗುತ್ತದೆ. ಕ್ಯೂಇಎಂಯು ಒಂಟಿಯಾಗಿ ಮಾಡುವುದು ಆ ಬಗೆಯ ಅನುವಾದ. ಕೆವಿಎಂ ಜೊತೆಗಿದ್ದರೆ ಬಿಡಾರದ ಮಾತು ನೇರವಾಗಿ ಚಿಪ್ಪಿಗೆ ತಲುಪುತ್ತದೆ. ಎಲ್ಲೋ ಒಂದು ಕಡೆ, ಯಜಮಾನನ ಒಪ್ಪಿಗೆ ಬೇಕಾದ ಮಾತು ಬಂದಾಗ ಮಾತ್ರ ತಡೆಯಲಾಗುತ್ತದೆ.

ಮನೆ ಕಟ್ಟಿದ್ದು

ನಾನು ಇಂಜಿನಿಯರನಲ್ಲ, ಟಿ.ಸಿ.ಎಚ್. ಮಾಡಿ ಹಳ್ಳಿಯ ಶಾಲೆ ಸೇರಿದವನು. ಕಂಪ್ಯೂಟರು ಕಲಿತದ್ದು ರಜೆಯ ತರಬೇತಿಗಳಲ್ಲಿ. ಉಳಿದದ್ದು ತಪ್ಪು ಮಾಡಿ ಮಾಡಿ. ಆದರೆ ನಮ್ಮ ಜಿಲ್ಲೆಯ ಅಧ್ಯಾಪಕರಿಗೂ ಮಕ್ಕಳಿಗೂ ಲಿನಕ್ಸ್ ಅಪರಿಚಿತವಲ್ಲ. ಕೇರಳದಲ್ಲಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಯ ಯಂತ್ರಗಳಲ್ಲಿ ನಡೆಯುವುದು ಉಬುಂಟು ಆಧಾರಿತ ಲಿನಕ್ಸೇ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಪಾಠ ಮಾಡಿ ಪರೀಕ್ಷೆ ಬರೆಯುವವರು. ತಲಪಾಡಿ ಗಡಿಯಾಚೆಗಿನ ನೆಂಟರ ಮಕ್ಕಳು "ಲಿನಕ್ಸ್ ಎಂದರೆ ಎಂತದು?" ಎಂದು ಕೇಳುವಾಗ ನಮ್ಮ ಮಕ್ಕಳಿಗೆ ಸ್ವಲ್ಪ ಜಂಬವೂ ಇದೆ; ಇರಲಿ.

ಶಾಲೆಯ ಯಂತ್ರಗಳನ್ನು ಮುಟ್ಟದೆ, ಸ್ವಂತಕ್ಕೊಂದು ಹಳೆಯ ಕಂಪ್ಯೂಟರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಇಂಟೆಲಿನ ಕೋರ್ ಐ5, ನಾಲ್ಕನೆಯ ಪೀಳಿಗೆಯದು. 8 ಜಿಬಿ ಇದ್ದ ಮೆಮೊರಿಯನ್ನು 16ಕ್ಕೆ ಏರಿಸಿದೆ. ಬಿಡಾರ ಕೊಡುವವನಿಗೆ ಮುಖ್ಯವಾಗಿ ಬೇಕಾದದ್ದು ಮೆಮೊರಿ. ಚಿಪ್ಪಿನ ಹೊತ್ತನ್ನು ಸರದಿಯಂತೆ ಹಂಚಬಹುದು, ಮೆಮೊರಿ ಕೋಣೆಯಿದ್ದ ಹಾಗೆ, ಒಬ್ಬರಿಗೆ ಕೊಟ್ಟರೆ ಕೊಟ್ಟಂತೆಯೇ. ಅದರ ಮೇಲೆ ಡೆಬಿಯನ್ ಎಂಬ ಲಿನಕ್ಸನ್ನು, ಚಿತ್ರದ ಪರದೆಯೇನೂ ಇಲ್ಲದೆ ಬರಿಯ ಸರ್ವರ್ ಆಗಿ ಹಾಕಿದೆ. ಸರ್ವರ್ ಎಂದರೆ ಬೇರೇನಲ್ಲ, ಮಾನಿಟರೂ ಕೀಲಿಮಣೆಯೂ ಇಲ್ಲದೆ ಮೂಲೆಯಲ್ಲಿ ಕೂತು ಇತರ ಯಂತ್ರಗಳ ಕರೆಗೆ ಓಗೊಡುವ ಯಂತ್ರ. ಕ್ಯೂಇಎಂಯು, ಲಿಬ್‌ವರ್ಟ್ ಇವೆರಡನ್ನು ಅದರಲ್ಲೂ, ಬಿಡಾರಗಳನ್ನು ನೋಡಿಕೊಳ್ಳುವ ವರ್ಟ್-ಮ್ಯಾನೇಜರ್ ಎಂಬುದನ್ನು ನನ್ನ ಲ್ಯಾಪ್‌ಟಾಪಿನಲ್ಲೂ ಸ್ಥಾಪಿಸಿದೆ.

ಮೊದಲನೆಯ ದಿನವೇ ವಿಘ್ನ. ಪ್ರಯೋಗಕ್ಕೆಂದು ಕಟ್ಟಿದ ಬಿಡಾರ ಬಸವನಹುಳದಂತೆ ತೆವಳಿತು. ಸರ್ವರಿನ ದಿನಚರಿ ತೆಗೆದು ನೋಡಿದರೆ ಒಂದೇ ಸಾಲು: ಕೆವಿಎಂ, ಡಿಸೇಬಲ್ಡ್ ಬೈ ಬಯೋಸ್. ಚಿಪ್ಪಿನಲ್ಲಿ ಸೌಕರ್ಯವಿದೆ, ಆದರೆ ಯಂತ್ರ ಎದ್ದೇಳುವಾಗ ಮೊದಲು ಬರುವ ಬಯೋಸ್ ಎಂಬ ಪುಟದಲ್ಲಿ ಅದಕ್ಕೆ ಬೀಗ ಹಾಕಿದ್ದರು. ಹಳೆಯ ಕಚೇರಿ ಯಂತ್ರಗಳಲ್ಲಿ ಇದು ಸಾಮಾನ್ಯ. ಬೀಗ ತೆಗೆದೆ, ಬಿಡಾರ ಓಡಿತು.

ಎರಡನೆಯದು ನನ್ನದೇ ಅವಸರ. ಮನೆಯ ಇತರ ಯಂತ್ರಗಳಿಗೂ ಬಿಡಾರಗಳು ಕಾಣಬೇಕಾದರೆ ಜಾಲಕ್ಕೊಂದು ಸೇತುವೆ ಕಟ್ಟಬೇಕು. ಸುಮ್ಮನೆ ಬಿಟ್ಟರೆ ಬಿಡಾರದವರು ಯಜಮಾನನ ವಿಳಾಸದ ಮರೆಯಲ್ಲಿರುತ್ತಾರೆ, ಅವರು ಹೊರಗೆ ಹೋಗಬಹುದು, ಹೊರಗಿನವರು ನೇರ ಒಳಗೆ ಬರುವಂತಿಲ್ಲ. ಲ್ಯಾಪ್‌ಟಾಪಿನಲ್ಲಿ ಕೂತು, ಅದೇ ಜಾಲದ ಮೂಲಕ ಸರ್ವರಿನೊಳಗೆ ಹೊಕ್ಕು, ಅದೇ ಜಾಲವನ್ನು ಬದಲಾಯಿಸಲು ಹೊರಟೆ. ಕೂತ ಕೊಂಬೆಯನ್ನೇ ಕಡಿದ ಹಾಗಾಯಿತು. ವಿಳಾಸ ಸೇತುವೆಗೆ ಹೋಗುವುದರೊಳಗೆ ಸಂಪರ್ಕ ಕಡಿಯಿತು. ಮಾನಿಟರು, ಕೀಲಿಮಣೆ ಹೊತ್ತುಕೊಂಡು ಮಾಳಿಗೆ ಹತ್ತಿದಾಗ ಮನೆಯವಳು "ಇದಕ್ಕೆ ಮಾನಿಟರು ಬೇಡ ಎಂದಿದ್ದಿರಲ್ಲ?" ಎಂದಳು. ಉತ್ತರ ಇರಲಿಲ್ಲ. ಈ ಕೆಲಸ ಮಾಡುವವರು ಸರ್ವರಿನ ಎದುರಿಗೇ ಕೂತು ಮಾಡುವುದು ಕ್ಷೇಮ, ಸೇತುವೆಗೆ ವೈಫೈ ನಂಬದೆ ಕೇಬಲನ್ನೇ ಎಳೆಯುವುದೂ ಕ್ಷೇಮ.

ರಾತ್ರಿಯಿಡೀ ನಕಲು

ಇನ್ನು ಡಿಸ್ಕಿನ ಸರದಿ. ಅದು 40 ಜಿಬಿಯ, ಅಗಲ ಪಟ್ಟಿಯ ಐಡಿಇ ಜಾತಿಯದು. ಇಂದಿನ ಯಂತ್ರಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ನಮ್ಮ ಶಾಲೆಯ ಮಲಯಾಳ ವಿಭಾಗದ ಸಹೋದ್ಯೋಗಿಯೊಬ್ಬರು "ಮಾಷೇ, ನನ್ನ ಹತ್ತಿರ ಉಂಟು" ಎಂದು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ತಂದುಕೊಟ್ಟರು.

ಇಲ್ಲಿ ಓದುಗರಿಗೊಂದು ವಿನಂತಿ. ನಿಮ್ಮ ಕಪಾಟಿನಲ್ಲಿಯೂ ಇಂಥ ಡಿಸ್ಕಿದ್ದರೆ, ಅದು ಇನ್ನೂ ತಿರುಗುವಾಗಲೇ ಪೂರ್ತಿ ನಕಲು ತೆಗೆಯಿರಿ. ಅದರಿಂದ ಯಂತ್ರ ಎಬ್ಬಿಸಿ ನೋಡುವ, ಕಡತ ಹುಡುಕುವ ಆತುರ ಬೇಡ. ಮುದಿ ಡಿಸ್ಕಿಗೆ ಎಷ್ಟು ಉಸಿರು ಬಾಕಿಯಿದೆಯೆಂದು ಯಾರೂ ಬಲ್ಲವರಿಲ್ಲ. ನಾನು ಬಳಸಿದ್ದು ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ. ಅದು ಜಾಣ. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಬಿಟ್ಟ ಜಾಗಗಳಿಗೆ ಮರಳಿ ಬಂದು ಸ್ವಲ್ಪ ಸ್ವಲ್ಪವಾಗಿ ಕೆರೆಯುತ್ತದೆ. ಎಲ್ಲಿಯವರೆಗೆ ಆಯಿತೆಂಬುದನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತದೆ.

ಆ ಬರೆದಿಡುವ ಗುಣವೇ ನಮ್ಮನ್ನು ಕಾಪಾಡಿತು. ರಾತ್ರಿ ಎರಡು ಗಂಟೆಗೆ ಗಾಳಿಮಳೆಗೆ ಕರೆಂಟು ಹೋಯಿತು. ಹಳೆಯ ಯುಪಿಎಸ್ಸು ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಕತ್ತಲಲ್ಲಿ ಕೂತು, ಆ ಡಿಸ್ಕಿನ ಕಟಕಟ ಸದ್ದು ನಿಂತದ್ದನ್ನು ಕೇಳಿದಾಗ, ನನ್ನ ಕೈಯಿಂದಲೇ ಒಂದು ಜೀವ ಹೋಯಿತೇನೋ ಎಂಬ ಅಳುಕು. ಬೆಳಿಗ್ಗೆ ಕರೆಂಟು ಬಂದ ಮೇಲೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. ನಿಂತಲ್ಲಿಂದಲೇ ಮುಂದುವರಿಯಿತು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು, ಕೊನೆಯ ಕೆಲವು ಜಾಗಗಳು ಎಷ್ಟು ಕೆರೆದರೂ ಬರಲಿಲ್ಲ.

ಸಿಕ್ಕಿದ ನಕಲನ್ನು ಬಿಡಾರದ ಡಿಸ್ಕಾಗಿ ಮಾರ್ಪಡಿಸಿದೆ. ಅದರ ಮೇಲೆ ನೇರ ಕೆಲಸ ಮಾಡಲಿಲ್ಲ. ತೆಳ್ಳಗಿನ ಇನ್ನೊಂದು ಹಾಳೆ ಹೊದಿಸಿದ ಹಾಗೆ ಮೇಲಿನ ಪದರವನ್ನು ಮಾಡಿ, ಬರೆಯುವುದೆಲ್ಲ ಆ ಹಾಳೆಯಲ್ಲೇ ಆಗುವಂತೆ ಏರ್ಪಡಿಸಿದೆ. ಕೆಟ್ಟರೆ ಹಾಳೆ ಹರಿದು ಎಸೆದರಾಯಿತು, ಅಡಿಯ ಮೂಲ ಹಾಗೆಯೇ ಇರುತ್ತದೆ.

ಶುಕ್ರವಾರ ರಾತ್ರಿ ಬಿಡಾರದ ಬಾಗಿಲು ತೆರೆದೆ. ಎಕ್ಸ್‌ಪಿಯ ಗುರುತು ಒಂದು ಕ್ಷಣ ಮಿಂಚಿ, ನೀಲಿ ಪರದೆ ಬಂತು. ಅದರಡಿ 7ಬಿ ಎಂದು ಮುಗಿಯುವ ಸಂಖ್ಯೆ. ಎದ್ದೇಳಬೇಕಾದ ಡಿಸ್ಕೇ ತನಗೆ ಕಾಣುತ್ತಿಲ್ಲ ಎಂಬುದು ಇದರರ್ಥ. ತಪ್ಪು ನನ್ನದೇ. ಹೊಸ ಕಾಲದ ಸಾಟಾ ಜಾತಿಯ ಡಿಸ್ಕೆಂದು ಬಿಡಾರಕ್ಕೆ ಹೇಳಿದ್ದೆ. ಐಡಿಇ ಮಾತ್ರ ಬಲ್ಲ ಹಳಬನಿಗೆ ಅದು ಹೇಗೆ ಅರ್ಥವಾಗಬೇಕು? ಐಡಿಇ ಎಂದು ತಿದ್ದಿದೆ. ಎದ್ದಿತು. ಇಪ್ಪತ್ತು ವರ್ಷಗಳ ಹಿಂದೆ ಮಾಸ್ತರರು ಬಿಟ್ಟುಹೋದ ಹಾಗೆಯೇ ಪರದೆ, ಪರದೆಯ ಮೇಲೆ ಊರೂರ ಹೆಸರಿನ ಕಡತಗಳು.

ಜೊತೆಗೆ ಒಂದು ನೋಟೀಸೂ ಬಂತು. ಯಂತ್ರದ ಭಾಗಗಳು ಬಹಳ ಬದಲಾಗಿವೆ, ಮೂರು ದಿನದೊಳಗೆ ಪರವಾನಗಿಯನ್ನು ಮತ್ತೆ ದೃಢಪಡಿಸಬೇಕು. ಮಾಸ್ತರರ ಪರವಾನಗಿ ಆ ಹಳೆಯ ಪೆಟ್ಟಿಗೆಯೊಂದಿಗೆ ಬಂದದ್ದು, ಪೆಟ್ಟಿಗೆಯೇ ಈಗ ಇಲ್ಲ. ಹಾಳೆ ಹರಿದು ಹೊಸದು ಹೊದಿಸುತ್ತ ಹೋದರೆ ಮೂರು ದಿನವನ್ನು ಮೂರು ವರ್ಷ ಮಾಡಬಹುದೆಂಬುದು ನನಗೂ ಹೊಳೆಯಿತು. ಬೇಡವೆನಿಸಿತು. ತರಗತಿಯಲ್ಲಿ ನಕಲು ಹೊಡೆಯಬೇಡಿ ಎನ್ನುವ ಬಾಯಲ್ಲವೇ? ಮೂರು ದಿನ ಸಾಕು ಎಂದು ನಿಶ್ಚಯಿಸಿ ಮಾಸ್ತರರಿಗೆ ಫೋನು ಮಾಡಿದೆ.

ನೀರ್ಚಾಲು ನೀಚಾರ್ಲು ಆದದ್ದು

ಶನಿವಾರ, ಭಾನುವಾರ ಅವರು ಬೆಳಿಗ್ಗೆಯೇ ಬಂದು ಕೂತರು. ಸೋಮವಾರ ಮಳೆಗೆ ರಜೆ ಸಿಕ್ಕಿತು, ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರೂ ಒಬ್ಬ ಹುಡುಗನೂ ಸೇರಿಕೊಂಡರು. ಪೇಜ್‌ಮೇಕರ್ ತೆರೆದು ಒಂದೊಂದೇ ಕಡತದಿಂದ ಅಕ್ಷರಗಳನ್ನು ಹೊರತೆಗೆದು, ಬಿಡಾರಕ್ಕೆ ಜೋಡಿಸಿದ ಎರಡನೆಯ ಪುಟ್ಟ ಡಿಸ್ಕಿಗೆ ತುಂಬಿದೆವು. ಆ ಡಿಸ್ಕನ್ನು ಬಿಡಿಸಿ ಲಿನಕ್ಸಿಗೆ ಜೋಡಿಸಿದರೆ ಸಾಮಾನು ಹೊರಗೆ ಬಂದಂತೆ. ಈ ಬಿಡಾರಕ್ಕೆ ಜಾಲದ ಸಂಪರ್ಕವನ್ನು ಬೇಕೆಂದೇ ಕೊಡಲಿಲ್ಲ. 2014ರ ಎಪ್ರಿಲ್ 8ರ ಬಳಿಕ ಎಕ್ಸ್‌ಪಿಗೆ ಸಾಮಾನ್ಯ ಬಳಕೆದಾರರ ಪಾಲಿನ ರಕ್ಷಣಾ ತೇಪೆಗಳು ನಿಂತಿವೆ, ಅದನ್ನು ಇಂಟರ್ನೆಟ್ಟಿಗೆ ಬಿಡುವುದೆಂದರೆ ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ.

ಹೊರಬಂದ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸಲು ನಾನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಅದರ ಫಲವನ್ನು ಓದಿದ ಹುಡುಗಿ ನಕ್ಕು ಉರುಳಿದಳು. ಪೆರ್ಲ ಎಂಬುದು "ಪೆಲರ್" ಆಗಿತ್ತು. ನೀರ್ಚಾಲು "ನೀಚಾರ್ಲು" ಆಗಿತ್ತು. ಕಾರಣ ಅರ್ಕಾವತ್ತು. ಬರೆಯುವಾಗ ಅದನ್ನು ಮುಂದಿನ ಅಕ್ಷರದ ಬಲಕ್ಕೆ ಹಾಕುತ್ತೇವೆ, ಹಳೆಯ ಫಾಂಟೂ ಕಂಡ ಹಾಗೆ ಬರೆದುಕೊಂಡಿತ್ತು. ಯೂನಿಕೋಡು ಉಚ್ಚಾರದ ಕ್ರಮ ಹಿಡಿಯುತ್ತದೆ: ಮೊದಲು ರಕಾರ, ಆಮೇಲೆ ಲಕಾರ. ಅರ್ಕಾವತ್ತು ಕಂಡಲ್ಲೆಲ್ಲ ಒಂದು ಅಕ್ಷರ ಹಿಂದೆ ಸರಿಸುವಂತೆ ತಿದ್ದಿದ ಮೇಲೆ ಪೆರ್ಲ ಪೆರ್ಲವಾಯಿತು. ಆದರೂ ಯಂತ್ರವನ್ನು ನಂಬದೆ ಮಕ್ಕಳು ಗಟ್ಟಿಯಾಗಿ ಓದುವುದು, ಮಾಸ್ತರರು ಪರದೆಯ ಮೇಲಿನ ಮೂಲ ಪುಟ ನೋಡಿ ಹೂಂಗುಟ್ಟುವುದು, ಹೀಗೆ ನಡೆಯಿತು. ನಡುವೆ ಒಂದು ಕಡೆ ಓದುತ್ತಿದ್ದ ಹುಡುಗ ನಿಂತ. ಗದ್ದೆಯ ಹೆಸರು ಹೇಳಿದವರ ಸಾಲಿನಲ್ಲಿ ಅವನ ಅಜ್ಜನ ಹೆಸರಿತ್ತು. ಬರೆದು ತಂದವಳ ಸಾಲಿನಲ್ಲಿ ಅವನ ಅತ್ತೆಯದು. ಅಜ್ಜ ತೀರಿಹೋದಾಗ ಇವನಿನ್ನೂ ತೊಟ್ಟಿಲಿನಲ್ಲಿದ್ದನಂತೆ. "ಸರ್, ಇದೊಂದು ಪುಟ ನನಗೆ ಪ್ರಿಂಟ್ ತೆಗೆದು ಕೊಡ್ತೀರಾ?" ಎಂದು ಕೇಳಿದ.

ಸೋಮವಾರ ರಾತ್ರಿ ಎಕ್ಸ್‌ಪಿಯ ಬಿಡಾರವನ್ನು ಮುಚ್ಚಿದೆ. ಮೂಲ ನಕಲು ಮಾತ್ರ ಎರಡು ಬೇರೆ ಬೇರೆ ಮನೆಗಳಲ್ಲಿ ಭದ್ರವಾಗಿದೆ. ಸಿಡಿಲಿನ ಊರಿನಲ್ಲಿ ಎಲ್ಲವನ್ನೂ ಒಂದೇ ಸೂರಿನಡಿ ಇಡಲು ಧೈರ್ಯ ಸಾಲದು.

ಸರ್ವರ್ ಸುಮ್ಮನೆ ಕೂತಿಲ್ಲ. ಅದರಲ್ಲೀಗ ಇನ್ನೆರಡು ಬಿಡಾರಗಳಿವೆ. ಒಂದರಲ್ಲಿ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ತುಂಬಿದ್ದೇನೆ, ಇಂಟರ್ನೆಟ್ಟು ಹೋದ ದಿನವೂ ಮಕ್ಕಳಿಗೆ ಓದಲು ಸಿಗುತ್ತದೆ. ಇನ್ನೊಂದು, ಮಕ್ಕಳು ಕೆಡಿಸುವುದಕ್ಕೆಂದೇ ಇರುವ ಬಿಡಾರ. ಇದ್ದ ಸ್ಥಿತಿಯನ್ನು ಮೊದಲೇ ಗುರುತು ಮಾಡಿಟ್ಟರೆ, ಅವರು ಏನು ಅಳಿಸಿದರೂ ಅರೆ ನಿಮಿಷದಲ್ಲಿ ಹಿಂದಿನಂತಾಗುತ್ತದೆ. ಹೆದರಿಕೆಯಿಲ್ಲದೆ ಕೈಯಾಡಿಸಿದಾಗ ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆಂಬುದನ್ನು ನೋಡಿ ನನಗೇ ನಾಚಿಕೆಯಾಯಿತು.

ಹನ್ನೊಂದು ಕಡತಗಳಲ್ಲಿ ಒಂಬತ್ತು ಪೂರ್ತಿಯಾಗಿ ಸಿಕ್ಕಿವೆ. ಎರಡು ತೆರೆಯಲಿಲ್ಲ, ಡಿಸ್ಕಿನ ಕೆಟ್ಟ ಜಾಗಗಳು ಅವುಗಳ ನಡುವೆಯೇ ಬಿದ್ದಿದ್ದವು. ಪೈವಳಿಕೆ ಮತ್ತು ಮೀಂಜದ ಕಡೆಯವು ಅವು. ಅಂದು ಆ ಹೆಸರುಗಳನ್ನು ಬರೆದು ತಂದ ಹಳೆ ವಿದ್ಯಾರ್ಥಿಗಳಲ್ಲಿ ನಾಲ್ವರ ಗುರುತು ಸಿಕ್ಕಿದೆ. ಈ ಬೇಸಿಗೆ ರಜೆಯಲ್ಲಿ ಮಾಸ್ತರರು ಮಕ್ಕಳನ್ನು ಕರೆದುಕೊಂಡು ಆ ಮನೆಗಳಿಗೆ ಹೋಗುವವರಿದ್ದಾರೆ. "ಈ ಸಲ ನೋಟು ಪುಸ್ತಕವೂ ಇರಲಿ ಮಾಸ್ಟ್ರೇ, ನಿಮ್ಮ ಪೆಟ್ಟಿಗೆಯೂ ಇರಲಿ" ಎಂದಿದ್ದಾರೆ.